ಆ ಎರಡು ಬಾಣಗಳನ್ನು ಹಾಗೇ ಬಿಡಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ರೈಲು ಲಾಂಛನದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಅಲ್ಲಿನ ಸ್ಟೇಷನ್ನುಗಳ ಮುಂದೆ ಕಾಣುವ, ಒಂದಕ್ಕೊಂದು ಬೆಸೆದುಕೊಂಡ ಎರಡು ಬಾಣಗಳ ಗುರುತು.

ಒಂದು ಕಾಗದ ತಗೊಂಡು ಬಿಡಿಸಿ ನೋಡಿ. ಮೇಲೊಂದು, ಕೆಳಗೊಂದು ಅಡ್ಡಗೆರೆ. ಮೇಲಿನದರ ಮೇಲೆ ಬಲಕ್ಕೆ ಮುಖಮಾಡಿದ ಬಾಣದ ತಲೆ, ಕೆಳಗಿನದರ ಮೇಲೆ ಎಡಕ್ಕೆ ಮುಖಮಾಡಿದ ಇನ್ನೊಂದು, ನಡುವಿನ ಓರೆಗೆರೆ ಮಾತ್ರ ಎರಡಕ್ಕೂ ಒಂದೇ. ಹೋಗುವ ರೈಲು, ಬರುವ ರೈಲು, ಅಷ್ಟೇ! ಅಲ್ಲಿ ಜೋಡಿ ಹಳಿಯಿದ್ದರೆ ರೈಲು ಎಡಗಡೆಯದರಲ್ಲಿ ಓಡುವುದು ರೂಢಿ, ಚಿತ್ರವನ್ನು ಮೇಲಿಂದ ನೋಡಿದ ಹಳಿ ಅಂದುಕೊಂಡರೆ ಅದರಲ್ಲೂ ಹಾಗೇ ಇದೆ. ಕನ್ನಡಿಯಲ್ಲಿ ಹಿಡಿದರೆ ರೈಲು ತಪ್ಪು ಕಡೆಗೆ ಹೋಗಿಬಿಡುತ್ತದೆ. ಆದರೂ ಒಂದು ಕಡೆ ಬೇಕಂತಲೇ ತಿರುಗಿಸಿದ್ದರು. ರೈಲ್ವೆಯದೇ ಹಡಗುಗಳಿದ್ದವಲ್ಲ, ಅವುಗಳ ಹೊಗೆಕೊಳವೆಯ ಎಡಬದಿಯಲ್ಲಿ, ಮೇಲಿನ ಬಾಣ ಯಾವಾಗಲೂ ಹಡಗಿನ ಮೂತಿಯ ಕಡೆಗೇ ಇರಲಿ ಅಂತ. ಇಷ್ಟು ಯೋಚಿಸಿ ಕೆಲಸ ಮಾಡಿದವರನ್ನು ಕಂಡರೆ ನನಗೆ ತುಂಬ ಗೌರವ.

ಇದನ್ನು ಬಿಡಿಸಿದವರು ಡಿಸೈನ್ ರಿಸರ್ಚ್ ಯೂನಿಟ್ ಎಂಬ ಲಂಡನ್ನಿನ ವಿನ್ಯಾಸ ಸಂಸ್ಥೆಯಲ್ಲಿದ್ದ ಜೆರ್ರಿ ಬಾರ್ನಿ. ಅವರ ಕಸುಬು ಅಕ್ಷರ ಬರೆಯುವುದು. ಟ್ಯೂಬ್ ರೈಲಿನಲ್ಲಿ, ಅಂದರೆ ಲಂಡನ್ನಿನ ನೆಲದಡಿಯ ರೈಲಿನಲ್ಲಿ, ಕೆಲಸಕ್ಕೆ ಹೋಗುವಾಗ ಲಕೋಟೆಯ ಹಿಂದೆ ಗೀಚಿಕೊಂಡಿದ್ದರಂತೆ. 1965ರಲ್ಲಿ ಅಲ್ಲಿನ ಸರ್ಕಾರಿ ರೈಲ್ವೆಯ ಬ್ರಿಟಿಷ್ ರೈಲ್ ಎಂಬ ಹೊಸ ಹೆಸರಿನ ಜೊತೆಗೇ ಇದೂ ಜನರ ಮುಂದೆ ಬಂತು. ಅಲ್ಲಿಯವರೆಗೆ ಲಾಂಛನದಲ್ಲಿ ಸಿಂಹ, ಚಕ್ರ, ಕಿರೀಟ ಇದ್ದವು. ಜನ ಸುಮ್ನೆ ಒಪ್ಪಲಿಲ್ಲ, ಮುಳ್ಳುತಂತಿ ಅಂದರು, ಯಾವ ಕಡೆ ಹೋಗಬೇಕೆಂದು ತಿಳಿಯದ ಬಾಣ ಅಂತ ಆಡಿಕೊಂಡರು.

1990ರ ದಶಕದಲ್ಲಿ ಬ್ರಿಟಿಷ್ ರೈಲನ್ನು ತುಂಡು ತುಂಡು ಮಾಡಿ ಖಾಸಗಿಯವರಿಗೆ ಕೊಟ್ಟರು. ಬೋಗಿಗಳಿಗೆ ಕಂಪನಿಗೊಂದು ಬಣ್ಣ ಬಂತು, ಆ ಕಂಪನಿಗಳಲ್ಲೂ ಎಷ್ಟೋ ಈಗ ಇಲ್ಲ. ಬಾಣಗಳು ಮಾತ್ರ ಸ್ಟೇಷನ್ನಿನಲ್ಲಿ, ಟಿಕೆಟ್ಟಿನಲ್ಲಿ, ರಸ್ತೆ ಫಲಕದಲ್ಲಿ ಉಳಿದುಕೊಂಡವು. ಯಾಕೆ ಅಂದರೆ, ನನ್ನ ಪ್ರಕಾರ, ಅದರಲ್ಲಿ ಯಜಮಾನರ ಹೆಸರೇ ಇಲ್ಲ. ಒಂದಕ್ಷರವೂ ಇಲ್ಲ. ಇಂಗ್ಲಿಷ್ ಬಾರದವರಿಗೂ ಇಲ್ಲಿ ರೈಲು ಸಿಗುತ್ತದೆ ಅಂತ ಗೊತ್ತಾಗುತ್ತದೆ, ಅಲ್ವಾ?

ಅದಕ್ಕೇ ಈಗಿನ ಅಲಂಕಾರ ನೋಡಿದರೆ ಬೇಜಾರು. 2021ರಲ್ಲಿ ಪರಿಸರದ ಹೆಸರಿನಲ್ಲಿ ಅದಕ್ಕೆ ಹಲವು ಬಗೆಯ ಹಸಿರು ಬಳಿದರು, ಸ್ವತಃ ಬಾರ್ನಿಯವರೇ ಬಹಿರಂಗವಾಗಿ ಬೇಸರಪಟ್ಟುಕೊಂಡರು. ಈಗ ರೈಲನ್ನೆಲ್ಲ ಮತ್ತೆ ಒಂದೇ ಸಂಸ್ಥೆಗೆ, ಗ್ರೇಟ್ ಬ್ರಿಟಿಷ್ ರೈಲ್ವೇಸ್‌ಗೆ, ಸೇರಿಸುತ್ತಿದ್ದಾರೆ. ಅದು ನನಗೆ ಖುಷಿಯೇ, ಹಳೇ ಬಾಣಗಳನ್ನೇ ಉಳಿಸಿಕೊಂಡಿದ್ದಂತೂ ಇನ್ನೂ ಜಾಸ್ತಿ ಖುಷಿ. ಆದರೆ ಜೊತೆಗೆ ಬಾವುಟದ ಕೆಂಪು, ಬಿಳಿ, ನೀಲಿ ಯಾಕೆ ಬೇಕಿತ್ತು? ಬಾವುಟ ಸರ್ಕಾರದ ಮಾತು ಹೇಳುತ್ತದೆ, ಬಾಣ ಪ್ರಯಾಣಿಕನಿಗೆ ದಾರಿ ಹೇಳುತ್ತದೆ. ಅಲ್ಲಿನ ರಸ್ತೆ ಫಲಕದಲ್ಲಿ ಕೆಂಪು ಚೌಕದ ಮೇಲೆ ಬರೀ ಬಿಳಿ ಗೆರೆಯಲ್ಲಿ ಅದನ್ನು ಬರೆದಿರುತ್ತಾರೆ. ಕಾರಿನಲ್ಲಿ ವೇಗವಾಗಿ ಹೋಗುವವರ ಕಣ್ಣಿಗೂ ಅದು ಬೀಳುತ್ತದೆ. ಬೋಗಿಯ ಮೇಲೂ ಅಷ್ಟೇ ಸಾಕು.

— ರೈಲು ಮೆಚ್ಚುವ ಓದುಗ