ಎಂಟರ ಮಗುವಿಗೆ 110ರ ಗಾಲಿಯೇಕೆ?

ಮಾನ್ಯರೇ,

ಭಾರತದ ಸ್ಕೇಟರ್ ಆನಂದಕುಮಾರ್ ವೇಲ್‌ಕುಮಾರ್ 2025ರಲ್ಲಿ ಚೀನಾದಲ್ಲಿ ವಿಶ್ವ ಸ್ಪೀಡ್ ಸ್ಕೇಟಿಂಗ್ ಚಿನ್ನ ಗೆದ್ದಾಗ ಅವರಿಗೆ 22 ವರ್ಷ. ನಮ್ಮ ರಿಂಕ್‌ಗಳಲ್ಲಿ ಎಂಟು ವರ್ಷದ ಮಗುವಿನ ಪದಕಕ್ಕೇ ಅವಸರ.

ಆ ಮಗುವಿಗೆ 110 ಮಿ.ಮೀ. ಗಾಲಿ, ‘ಬೆಳೆಯುವ ಕಾಲು’ ಎಂದು ಎರಡು ಸೈಜ್ ದೊಡ್ಡ ಬೂಟು ಬೇರೆ! ಗಾಲಿ ದೊಡ್ಡದಾದಷ್ಟೂ ಪಾದ ನೆಲದಿಂದ ಮೇಲೇರುತ್ತದೆ. ಸಡಿಲ ಬೂಟಿನಲ್ಲಿ ಕಣಕಾಲು ಒಳಕ್ಕೆ ವಾಲುತ್ತದೆ. ಗಾಲಿಯ ಒಳ ಅಂಚು ಸವೆಯುವುದು ಸಹಜ. ಆದರೆ ಮಗು ಸುಮ್ಮನೆ ನಿಂತಾಗಲೂ ಫ್ರೇಮ್ (ಬೂಟಿನಡಿ ಗಾಲಿ ಹಿಡಿದಿಡುವ ಪಟ್ಟಿ) ಒಳಕ್ಕೆ ಬಾಗಿದ್ದರೆ ಬೂಟೇ ತಪ್ಪು. ಈ ವಯಸ್ಸಿಗೆ 80–90 ಮಿ.ಮೀ. ಧಾರಾಳ. ಒಂಟಿ ಕಾಲಲ್ಲಿ ನೇರವಾಗಿ ಜಾರುವುದು, ನಿಲ್ಲಿಸುವುದು, ಪೆಟ್ಟಾಗದಂತೆ ಬೀಳುವುದು ಮೊದಲು ಬರಲಿ. ಜತೆಗೆ ಈಜು, ಕುಂಟೆಬಿಲ್ಲೆ.

ರಿಂಕ್ ಸ್ಪರ್ಧೆಯಲ್ಲಿ ಸದಾ ಎಡ ತಿರುವು. ಅಭ್ಯಾಸದಲ್ಲೂ ಅದೇ ಆದರೆ ಎರಡು ಕಾಲು, ಸೊಂಟ ಸಮನಾಗಿ ಬಲಗೊಳ್ಳವು. ತಿರುವಿನಲ್ಲಿ ಒಂದು ಕಾಲನ್ನು ಇನ್ನೊಂದರ ಮುಂದೆ ದಾಟಿಸಿ ಇಡುವ ಕ್ರಾಸ್‌ಓವರನ್ನು ಬಲಕ್ಕೂ ಕಲಿಸಬೇಕು.

ಹುಡುಗಿಯರು ಸುಮಾರು 12ಕ್ಕೆ, ಹುಡುಗರು 14ಕ್ಕೆ ದಿಢೀರನೆ ಎತ್ತರವಾಗುತ್ತಾರೆ. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ, ಬರಿಗಾಲಲ್ಲಿ ಎತ್ತರ ಅಳೆದು ಬರೆದಿಟ್ಟರೆ ಇದು ತಿಳಿಯುತ್ತದೆ. ಹೀಗೆ ದಿಢೀರ್ ಬೆಳೆಯುವಾಗ ಹಳೆಯ ಸಮತೋಲನ ಕೈಕೊಡುತ್ತದೆ, ಟೈಮಿಂಗ್ ಕುಸಿಯುತ್ತದೆ. ಸೋಮಾರಿತನವೆಂದು ಬೈದು ಸುತ್ತು ಹೆಚ್ಚಿಸುವವರೇ ಜಾಸ್ತಿ. ಮಂಡಿಚಿಪ್ಪಿನ ಕೆಳಗಿನ ಮೂಳೆ ಒತ್ತಿದರೆ ನೋವೆಂದರೆ ಆಳವಾಗಿ ಮಂಡಿ ಬಗ್ಗಿಸುವ ಕಸರತ್ತು, ಜಿಗಿತ ಕಡಿಮೆ ಮಾಡಿ ವೈದ್ಯರಿಗೆ ತೋರಿಸಬೇಕು. ಭಾರ ಎತ್ತಿಸುವುದಂತೂ ಭಂಗಿ ಗಟ್ಟಿಯಾದ ಮೇಲೆ, ಹಂತ ಹಂತವಾಗಿ.

ಕ್ಲಬ್‌ಗಳು ಪದಕಪಟ್ಟಿಯ ಪಕ್ಕದಲ್ಲೇ 16 ದಾಟಿಯೂ ಆಡುತ್ತಿರುವವರ ಸಂಖ್ಯೆಯನ್ನೂ ಹಾಕಲಿ.

– ಸ್ಕೇಟಿಂಗ್ ತರಬೇತುದಾರರು, ಬೆಂಗಳೂರು