ಗಾಳಿ ಕಟ್ಟುವವಳಿಗೆ ಎಷ್ಟು ಪಾಲು?

ಪ್ರೀತಿಯ ತಂಗಿಗೆ,

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಆಡುವ ನಿನ್ನ ರೋಲ್‌ಪ್ಲೇ ಆಟಕ್ಕೆ ಬರೆದ ಕಡಲ್ಗಳ್ಳರ ಪಟ್ಟಿ ಓದಿದೆ. ಒಬ್ಬ ಅಂಗೈಯಲ್ಲಿ ಬೆಂಕಿ ಎಬ್ಬಿಸುತ್ತಾನೆ, ಇನ್ನೊಬ್ಬ ಹೆಣ ಎಬ್ಬಿಸುತ್ತಾನೆ, ಮತ್ತೊಬ್ಬಳು ಸಿಡಿಲು ಬೀಳಿಸುತ್ತಾಳೆ. ಮಂತ್ರಕ್ಕೇನೂ ಬರವಿಲ್ಲ. ಆದರೆ ಇವರನ್ನೆಲ್ಲ ಹಡಗಿನಿಂದ ಇಳಿಸಿ ಯಾವುದೋ ಕಾಡಿನ ಕೋಟೆಯಲ್ಲಿ ಕೂರಿಸಿದರೂ ಕತೆ ಹಾಗೇ ನಡೆಯುತ್ತದೆ. ನನ್ನ ತಕರಾರು ಅಷ್ಟೇ.

ಹಾಯಿಹಡಗಿನ ಕಳ್ಳರಿಗೆ ಮೊದಲು ಬೇಕಾದದ್ದು ಗಾಳಿ. ಫಿನ್‌ಲ್ಯಾಂಡಿನ ಕಡೆಯ ಮಾಟಗಾರರು ಹಗ್ಗದಲ್ಲಿ ಗಾಳಿ ಕಟ್ಟಿ ನಾವಿಕರಿಗೆ ಮಾರುತ್ತಾರೆಂಬ ನಂಬಿಕೆ ಉತ್ತರ ಯುರೋಪಿನಲ್ಲಿತ್ತು. ಸ್ವೀಡನ್ನಿನ ಓಲೌಸ್ ಮ್ಯಾಗ್ನಸ್ 1555ರಲ್ಲೇ ಅದನ್ನು ಬರೆದಿದ್ದಾನೆ. ಮೂರು ಗಂಟು. ಮೊದಲನೆಯದನ್ನು ಬಿಚ್ಚಿದರೆ ಹದವಾದ ಗಾಳಿ, ಎರಡನೆಯದಕ್ಕೆ ಜೋರು ಗಾಳಿ, ಮೂರನೆಯದಕ್ಕೆ ಬಿರುಗಾಳಿ. ನಿನ್ನ ಸಿಡಿಲಿನವಳ ಸೊಂಟಕ್ಕೆ ಈ ಹಗ್ಗ ಕಟ್ಟು. ಆಟಗಾರರ ಹಡಗು ಹತ್ತಿರವಾದಂತೆ ಅವಳ ಹೆಬ್ಬೆರಳು ಎರಡನೇ ಗಂಟನ್ನು ಸಡಿಲಿಸುವುದು ಅವರಿಗೆ ಕಾಣಲಿ. ಆಗ ಮೇಜಿನ ಸುತ್ತ ಕೂತವರಿಗೆ ದಾಳ ಉರುಳಿಸಿ ಪೆಟ್ಟು ಎಣಿಸುವುದರ ಜೊತೆಗೆ ಬೇರೆ ಕೆಲಸವೂ ಸಿಗುತ್ತದೆ. ಹಗ್ಗ ಕದಿಯಬಹುದು, ಕತ್ತರಿಸಬಹುದು, ಅವಸರದಲ್ಲಿ ಮೂರನೇ ಗಂಟಿಗೇ ಕೈ ಹಾಕಬಹುದು. (ಯಾರಾದರೊಬ್ಬ ಹಾಕಿಯೇ ಹಾಕುತ್ತಾನೆ, ಬರೆದಿಟ್ಟುಕೋ.)

ಇನ್ನು ಪಾಲಿನ ಮಾತು. ಇದರ ಬಗ್ಗೆ ನೀನು ಒಂದಕ್ಷರವೂ ಬರೆದಿಲ್ಲ. 1722ರಲ್ಲಿ ಸತ್ತ ಕಡಲ್ಗಳ್ಳ ಬಾರ್ತಲೋಮ್ಯೂ ರಾಬರ್ಟ್ಸ್‌ನ ಹಡಗಿಗೆ ಲಿಖಿತ ಕಟ್ಟಳೆ ಇತ್ತು. ಪ್ರತಿಯೊಬ್ಬನಿಗೂ ಮತ. ಲೂಟಿಯಲ್ಲಿ ನಾಯಕನಿಗೂ ಅವನ ನಂತರದ ಅಧಿಕಾರಿಯಾದ ಕ್ವಾರ್ಟರ್‌ಮಾಸ್ಟರ್‌ಗೂ ಎರಡೆರಡು ಪಾಲು, ಫಿರಂಗಿಯವನಿಗೆ ಒಂದೂವರೆ. ಹಾಗಾದರೆ ಗಾಳಿ ಕಟ್ಟುವವಳಿಗೆ ಎಷ್ಟು? ಮೂರು ಕೇಳಿದರೆ ನಾಯಕ ಸುಮ್ಮನಿದ್ದಾನೆಯೇ? ಅದೇ ಕಟ್ಟಳೆಯಲ್ಲಿ ರಾತ್ರಿ ಎಂಟಕ್ಕೆ ದೀಪ ಆರಿಸಬೇಕೆಂದೂ ಇದೆ. ನಿನ್ನ ಹೆಣ ಎಬ್ಬಿಸುವವನು ಮಂತ್ರದ ಪುಸ್ತಕ ಓದುವುದು ಯಾವಾಗ? ಸಿಡಿಮದ್ದಿನ ಪೀಪಾಯಿಗಳ ಪಕ್ಕ ಕದ್ದು ಮೇಣದಬತ್ತಿ ಹಚ್ಚಿಕೊಂಡೇ? ಜೊತೆಯವರಿಗೆ ಶತ್ರುವಿಗಿಂತ ಅವನ ಭಯವೇ ಹೆಚ್ಚಿರುತ್ತದೆ. ಆ ಒಡಕಿನೊಳಗೆ ಆಟಗಾರರು ನುಗ್ಗಲಿ. ಫಿರಂಗಿಯವನೊಬ್ಬ ಇವರ ಕಡೆ ವಾಲಿದರೆ ಇಡೀ ಹಡಗು ಅಲ್ಲಾಡುತ್ತದೆ.

ಬೆಂಕಿಯವನಿಗೆ ಮಾದರಿಯಾಗಿ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನನ್ನು ನೋಡು. ಟೋಪಿಯಡಿ ಉರಿಯುವ ಬತ್ತಿ ಸಿಕ್ಕಿಸಿಕೊಂಡು ಹೊಗೆಯ ನಡುವೆ ನಿಲ್ಲುತ್ತಿದ್ದನಂತೆ. ಮಂತ್ರವಿಲ್ಲದೆಯೇ ಜನ ನಡುಗುತ್ತಿದ್ದರು. ಅಂಥವನು 1718ರ ಮೇ ತಿಂಗಳಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಬಂದರನ್ನು ಅಡ್ಡಗಟ್ಟಿ, ಒತ್ತೆಯಾಳುಗಳನ್ನು ಇಟ್ಟುಕೊಂಡು ಕೇಳಿದ್ದು ಒಂದು ಪೆಟ್ಟಿಗೆ ಔಷಧಿ! ನಿನ್ನವನಿಗೂ ಇಂಥದೊಂದು ಗರಜು ಇರಲಿ. ಮಂತ್ರ ಹಾಕಿದಾಗಲೆಲ್ಲ ಬೆರಳು ಬೇಯುತ್ತವೆ, ಮುಲಾಮು ಮುಗಿದಿದೆ, ಅದು ಸಿಗುವುದು ಆಟಗಾರರು ಕಾವಲಿರುವ ಊರಿನಲ್ಲಿ ಮಾತ್ರ.

ನಮ್ಮ ಕರಾವಳಿಯವನೇ ಬೇಕೆಂದರೆ ಹೊನ್ನಾವರದ ತಿಮ್ಮೋಜ ಇದ್ದಾನೆ. 1510ರಲ್ಲಿ ಗೋವಾದ ಮೇಲೆ ಬೀಳುವಂತೆ ಪೋರ್ಚುಗೀಸರ ಅಲ್ಬುಕರ್ಕ್‌ನನ್ನು ಹುರಿದುಂಬಿಸಿದವನು. ಕಳ್ಳನೋ ಮಿತ್ರನೋ ಎಂದು ಕೊನೆಯವರೆಗೂ ಗೊತ್ತಾಗದ ಖಳ ನನಗೆ ಇಷ್ಟ. ನಿನ್ನ ಪಟ್ಟಿಯಲ್ಲಿ ಅಂಥವನೊಬ್ಬನೂ ಇಲ್ಲ.

ಹೆಣ ಎಬ್ಬಿಸುವವನನ್ನು ಮೊದಲು ತಿದ್ದಿ ಕಳಿಸು. ಅವನ ಮಂತ್ರಗಳ ಪಟ್ಟಿ ಬೇಡ, ಅವನ ಮೇಲೆ ಹಡಗಿನಲ್ಲಿ ಯಾರಿಗೆ ಸಿಟ್ಟಿದೆ ಎಂಬುದನ್ನಷ್ಟು ಬರೆ.

ಇಂತಿ,
ನಿನ್ನ ಅಣ್ಣ