ಅಂಕಪಟ್ಟಿಯ ಜತೆ ಮೊಬೈಲ್ ಮಾತೂ ಬರಲಿ

ಮಾನ್ಯರೆ,

ದಾವಣಗೆರೆಯ ವಿದ್ಯಾನಗರದಲ್ಲಿ ಟ್ಯೂಷನ್ ಬಿಡುವ ಹೊತ್ತಿಗೆ ನಾಲ್ಕೈದು ಹುಡುಗರು ಒಂದೇ ಮೊಬೈಲ್‌ಗೆ ಮುಗಿಬಿದ್ದಿರುತ್ತಾರೆ. ದೊಡ್ಡವರು ಹತ್ತಿರ ಬಂದರೆ ಪರದೆ ತಟ್ಟನೆ ಕಪ್ಪಾಗುತ್ತದೆ. ಎಲ್ಲರೂ ಅಶ್ಲೀಲ ವಿಡಿಯೊವನ್ನೇ ನೋಡುತ್ತಾರೆ ಎನ್ನಲಾರೆ. ಆದರೆ ಬೆರಳ ತುದಿಗೇ ಸಿಗುತ್ತಿರುವುದು ಸುಳ್ಳಲ್ಲ. 2018ರಲ್ಲಿ ಕೇಂದ್ರ ಸರ್ಕಾರ 827 ಅಶ್ಲೀಲ ಜಾಲತಾಣ ತಡೆಯಲು ಆದೇಶಿಸಿತು. ಹಲವು ಹೆಸರು ಬದಲಿಸಿಕೊಂಡು ಮರಳಿದವು. ಬೈದು ಮೊಬೈಲ್ ಕಿತ್ತುಕೊಂಡರೆ ಮಗ ಗೆಳೆಯನ ಮೊಬೈಲ್‌ನಲ್ಲಿ ನೋಡುತ್ತಾನೆ, ಅಷ್ಟೆ. ಮಕ್ಕಳ ಮೊಬೈಲ್ ಬಳಕೆಯ ಮೇಲೆ ಪೋಷಕರು ಕಣ್ಣಿಡಲು ನೆರವಾಗುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಉಚಿತವಾಗಿಯೇ ಸಿಗುತ್ತದೆ, ಎಷ್ಟು ಅಪ್ಪ-ಅಮ್ಮಂದಿರಿಗೆ ಗೊತ್ತು? ಮಕ್ಕಳ ಅಶ್ಲೀಲ ದೃಶ್ಯ ಹಂಚಿದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಮೊದಲ ಸಲವೇ 5 ವರ್ಷದವರೆಗೆ ಜೈಲು ಶಿಕ್ಷೆಯಿದೆ. ಹೈಸ್ಕೂಲುಗಳ ಪೋಷಕರ ಸಭೆಯಲ್ಲಿ ಇವೆರಡನ್ನೂ ತಿಳಿಸುವಂತೆ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಲಿ.

– ಒಬ್ಬ ಪೋಷಕ, ದಾವಣಗೆರೆ